ತಾಯಿಮರ ಉಳಿಯಿತು, ದೋಣಿಯೂ ತೇಲಿತು

ಆ ಬೆಳಗ್ಗೆ ಮಳೆ ನಿಂತಿತ್ತು, ಮರಗಳು ಮಾತ್ರ ಇನ್ನೂ ಸುರಿಯುತ್ತಿದ್ದವು. ಮಳೆಕಾಡಿನ ಅಂಚಿನಲ್ಲಿ ಬದುಕುವವರಿಗೆ ಇದು ಗೊತ್ತು. ಆಕಾಶ ಕೊಟ್ಟು ಮುಗಿಸಿದ ಮೇಲೂ ಎಲೆಗಳು ಬಹಳ ಹೊತ್ತು ಹನಿಹನಿಯಾಗಿ ಹಂಚುತ್ತಲೇ ಇರುತ್ತವೆ. ಹೊಳೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಮಲಗಿತ್ತು. ದೋಣಿ ಮಾಡುವ ಬಡಗಿ ಚಪ್ಪರದಡಿ ಕೂತು ಕೊಡಲಿ ಮಸೆಯುತ್ತಿದ್ದ.

ಆ ಸದ್ದು ಕೇಳಿಯೇ ಪಕ್ಕದ ಮನೆಯಿಂದ ಅವನ ಅಕ್ಕ ಬಂದಳು.

"ಏನೋ, ಬೆಳಬೆಳಗ್ಗೆ ಯಾರ ಕುತ್ತಿಗೆಗೆ ಮಸೀತಿದೀಯ?"

"ನಿನ್ನ ಗಂಡನ ದೋಣಿ ನೋಡಿದ್ಯಾ? ಹುಟ್ಟು ಹಾಕೋದಕ್ಕಿಂತ ನೀರು ಮೊಗೆದು ಚೆಲ್ಲೋದೇ ಭಾವನಿಗೆ ಜಾಸ್ತಿ ಆಗಿದೆ. ನಿನ್ನೆ ಶಾಲೆ ಮಕ್ಕಳನ್ನ ದಾಟಿಸೋವಾಗ ಬಿರುಕಿಗೆ ಹಿಮ್ಮಡಿ ಒತ್ತಿ ಹಿಡ್ಕೊಂಡಿದ್ನಂತೆ. ದೊಡ್ಡ ಮಳೆ ಬರೋಷ್ಟರಲ್ಲಿ ಹೊಸ ದೋಣಿ ಆಗಬೇಕು. ಝರಿ ಹತ್ತಿರದ ಮರ ಕಡೀತೀನಿ."

ಅಕ್ಕನ ಮುಖದ ನಗು ಇಳಿಯಿತು. ಝರಿಯ ಹತ್ತಿರದ ಆ ಮರಕ್ಕೆ ಹೆಂಗಸರ ಕಾಡು ಕಾಯುವ ಸಂಘ ಸುಣ್ಣದ ಪಟ್ಟಿ ಬಳಿದಿತ್ತು. ಅದು ಬೀಜ ಕೊಡುವ ತಾಯಿಮರ, ಯಾರೂ ಮುಟ್ಟಬಾರದು ಅನ್ನುವ ಗುರುತು. ಬಳಿದದ್ದು ಅವಳದೇ ಕೈ.

"ಅದೊಂದು ಬಿಟ್ಟು ಬೇರೆ ಯಾವುದಾದ್ರೂ ಹೇಳು."

"ಬೇರೆ ಎಲ್ಲಿದೆ? ಎಲ್ಲಾ ಸೊಟ್ಟ! ಅಪ್ಪ ಕಲಿಸಿದ್ದು ಮರೆತ್ಯಾ? ಕಾಡಲ್ಲಿ ಎಲ್ಲಕ್ಕಿಂತ ನೆಟ್ಟಗಿರೋ ಮರ ಹುಡುಕು, ಅದೊಂದನ್ನೇ ಕೊರೆದು ದೋಣಿ ಮಾಡು ಅಂತ. ಹಲಗೆ ಜೋಡಿಸೋರಿಗೆ ಅಪ್ಪ ಪೆಟ್ಟಿಗೆ ಮಾಡೋರು ಅಂತಿದ್ದ."

ಒಲೆಯ ಮುಂದಿನಿಂದ ಬಡಗಿಯ ಹೆಂಡತಿ ದನಿಯೇರಿಸಿದಳು. "ಅತ್ತಿಗೆಗೆ ಗಂಡನಿಗಿಂತ ಮರವೇ ಹೆಚ್ಚಾಯ್ತು ನೋಡಿ!"

"ಗಂಡ ಮುಳುಗಿದ್ರೆ ಈಜಿಕೊಂಡು ಬರ್ತಾನೆ ಕಣೇ. ಮರ ಬಿದ್ರೆ ಎದ್ದು ಬರುತ್ತಾ?" ಅಂದಳು ಅಕ್ಕ. ಆದರೆ ಹೊಳೆಯ ಕಡೆ ನೋಡಿದ ಕಣ್ಣಲ್ಲಿ ಕಳವಳವಿತ್ತು. ಆ ದೋಣಿಯಲ್ಲಿ ಕೂರುವುದು ಬರೀ ಗಂಡನಲ್ಲ, ಊರಿನ ಮಕ್ಕಳೆಲ್ಲ.

ಬಡಗಿ ಕೊಡಲಿಯ ಬಾಯಿಗೆ ಹೆಬ್ಬೆರಳು ಆಡಿಸಿದ. "ಕಾಡು ಉಳಿಸ್ತೀವಿ ಅಂತ ಎಷ್ಟು ಜನ ಬಂದು ಹೋದ್ರು! ಬೇಲಿ ಹಾಕಿದ್ರು, ಬೋರ್ಡ್ ನಿಲ್ಲಿಸಿದ್ರು, ಸಸಿ ನೆಟ್ಟು ಫೋಟೊ ತೆಗೆಸ್ಕೊಂಡ್ರು. ಏನು ಉದ್ಧಾರ ಆಯ್ತು? ಈಗ ನೀವು ಸುಣ್ಣದ ಡಬ್ಬಿ ಹಿಡ್ಕೊಂಡು ಹೊರಟಿದೀರಿ."

"ನೀನು ಹೇಳೋದು ಅರ್ಧ ನಿಜ. ಉಳಿದರ್ಧ ಇಲ್ಲಿ ಕೂತ್ರೆ ಕಾಣಲ್ಲ. ಏಳು, ಕೊಡಲೀನೂ ತಗೊಂಡೇ ಬಾ. ನೋಡಿದ ಮೇಲೂ ಕಡೀಬೇಕು ಅನ್ಸಿದ್ರೆ ಸಂಘದಲ್ಲಿ ನಾನೇ ನಿನ್ನ ಪರ ಮಾತಾಡ್ತೀನಿ. ಅಂದ ಹಾಗೆ, ನನ್ನ ಸಸಿ ಬುಟ್ಟಿ ಎಲ್ಲಿ? ಮರದ ಚಕ್ಕೆ ತುಂಬೋಕೆ ಅಂತ ಒಯ್ದೋನು ವಾಪಸ್ ಕೊಡೋದನ್ನೇ ಮರೆತುಬಿಟ್ಟೆಯಲ್ಲ."

"ಕೊಡ್ತೀನಿ ಬಿಡಕ್ಕಾ. ನಿನ್ನ ಬುಟ್ಟಿ ನಾನೇನು ತಿಂದು ಹಾಕ್ತೀನಾ?"

ಇಬ್ಬರೂ ಕಾಡು ಹೊಕ್ಕರು. ಮೊದಲು ಸಿಕ್ಕಿದ್ದು ತುಕ್ಕು ಹಿಡಿದ ಬೋರ್ಡು. 'ಒಳಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ಅದರ ಹಿಂದೆಯೇ ಸಾಲುಸಾಲು ಕಡಿದ ಮರದ ಬುಡಗಳು.

"ನೋಡು, ನಾ ಹೇಳ್ಲಿಲ್ವಾ?" ಅಂದ ಬಡಗಿ.

"ಹೇಳಿದೆ. ಇಷ್ಟು ದೊಡ್ಡ ಕಾಡಿಗೆ ಕಾವಲುಗಾರ ಒಬ್ಬನೇ. ಅವನು ಈ ತುದೀಲಿದ್ರೆ ಮರಗಳ್ಳರ ಲಾರಿ ಆ ತುದೀಲಿ. ಹಾಗಂತ ಅವನು ದಂಡ ಅನ್ನಬೇಡ. ಅವನು ಓಡಾಡಿದ ಜಾಗ ಉಳೀತು. ಆದರೆ ನಮ್ಮನ್ನೇ ಹೊರಗಿಟ್ಟು ಬೇಲಿ ಹಾಕಿದ್ರು. ನಮ್ಮದಲ್ಲ ಅಂದ್ಮೇಲೆ ನಮಗ್ಯಾಕೆ ಅಂತ ನಾವೂ ಕಣ್ಣು ಮುಚ್ಕೊಂಡ್ವಿ. ಕೆಲವರು ಹೊಳೆ ಆಚೆ ಹೋಗಿ ಕಡಿದ್ರು. ಇಲ್ಲಿ ಉಳಿದದ್ದು ಅಲ್ಲಿ ಹೋಯ್ತು."

ಮುಂದೆ ನೆಟ್ಟ ಮರಗಳ ತೋಪು. ಗೆರೆ ಎಳೆದಂತೆ ಸಾಲು, ಎಲ್ಲ ಒಂದೇ ಜಾತಿ, ಎಲ್ಲ ಒಂದೇ ಎತ್ತರ.

"ಇದು ಹಸಿರಾಗೇ ಇದೆಯಲ್ಲಕ್ಕಾ?"

"ಕಣ್ಣಿಗೆ ಹಸಿರೇ. ಸ್ವಲ್ಪ ಕಿವಿ ಕೊಡು."

ಬಡಗಿ ನಿಂತು ಕಿವಿಗೊಟ್ಟ. ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಒಂದು ಹಕ್ಕಿಯ ದನಿಯೂ ಇಲ್ಲ.

"ಬೋಳು ಗುಡ್ಡದ ಮಣ್ಣು ಜಾರೋದನ್ನ ಇದು ನಿಲ್ಲಿಸ್ತು. ಅಷ್ಟು ಪುಣ್ಯ ಇದಕ್ಕೆ ಸಲ್ಲಬೇಕು. ಆದರೆ ಇಲ್ಲಿ ಹಣ್ಣಿಲ್ಲ. ಹಣ್ಣಿಲ್ಲ ಅಂದ್ರೆ ಹಕ್ಕಿ ಯಾಕೆ ಬರುತ್ತೆ? ಹಕ್ಕಿ ಬರದೆ ಬೇರೆ ಮರದ ಬೀಜ ಯಾರು ತರ್ತಾರೆ?"

ಆಮೇಲೆ ನೆಲ ಮೆತ್ತಗಾಯಿತು. ಗಾಳಿ ತಣ್ಣಗಾಯಿತು. ತಲೆಯ ಮೇಲೆ ದೊಡ್ಡ ಕೊಕ್ಕಿನ ಹಕ್ಕಿಯೊಂದು ಬೀಸಣಿಗೆ ಬೀಸಿದಂತೆ ರೆಕ್ಕೆ ಬಡಿದು ಹೋಯಿತು. ಇದು ಸಂಘ ಸರದಿಯ ಮೇಲೆ ಕಾಯುವ ಜಾಗ. ಸೌದೆ, ಜೇನು, ಮರ ಎಲ್ಲಕ್ಕೂ ಇಲ್ಲಿ ಊರವರಿಗೆ ಹಕ್ಕಿದೆ, ಹಕ್ಕಿನ ಜೊತೆ ಕಟ್ಟುಪಾಡೂ ಇದೆ. ಈ ವರ್ಷ ಕಾಡಿನ ಒಂದು ಪಾಲಿನಲ್ಲಿ ಮರ ತೆಗೆದರೆ ಆ ಪಾಲಿಗೆ ಮುಂದೆ ಹಲವು ವರ್ಷ ವಿಶ್ರಾಂತಿ. ಮರ ತೆಗೆದವರು ಸಸಿ ಬೆಳೆಸಿ ಹಿಂದಿರುಗಿಸಬೇಕು.

ಝರಿಯ ಪಕ್ಕ ತಾಯಿಮರ ನಿಂತಿತ್ತು, ಯಾರೋ ಮೇಲಿನಿಂದ ನೂಲು ಬಿಟ್ಟು ಅಳೆದು ನಿಲ್ಲಿಸಿದ ಹಾಗೆ. ಬಡಗಿಯ ಕೈ ತಾನಾಗಿ ಅದರ ಮೈಮೇಲೆ ಹೋಯಿತು. ಆಹಾ, ಎಂಥ ದೋಣಿ ಆಗುತ್ತದೆ! ಕೊಡಲಿಯ ಹಿಡಿ ಅಂಗೈಯಲ್ಲಿ ಬೆಚ್ಚಗಾಯಿತು.

"ಕೆಳಗೆ ನೋಡು," ಅಂದಳು ಅಕ್ಕ.

ಅವನ ಕಾಲ ಬಳಿ ಮೊಣಕಾಲೆತ್ತರದ ಮರಿಸಸಿಗಳು. ಬಹುಪಾಲು ನೆಟ್ಟಗೆ. ಅವನು ಬಗ್ಗಿ ಒಂದನ್ನು ಬೆರಳಿನಿಂದ ಸವರಿದ. ಆಮೇಲೆ ತಲೆಯೆತ್ತಿ ಝರಿಯ ಆಚೆಯ ಇಳಿಜಾರು ನೋಡಿದ. ತಾತ, ಅಪ್ಪ, ತಾನು, ಮೂವರೂ ಮರ ಆರಿಸಿದ ಜಾಗ ಅದು. ಮರಗಳೇನೋ ಇದ್ದವು. ಒಂದು ಸೊಂಟ ತಿರುಗಿಸಿತ್ತು, ಇನ್ನೊಂದು ಗೂನು ಬೆನ್ನು, ಮತ್ತೊಂದು ಅಡ್ಡ ಮಲಗಿ ಎದ್ದಂತಿತ್ತು.

"ಇವೆಲ್ಲ ಯಾಕಕ್ಕಾ ಹೀಗೆ?"

"ನೆಟ್ಟಗಿದ್ದೋರನ್ನೆಲ್ಲ ನೀವು ಒಬ್ಬೊಬ್ಬರನ್ನೇ ಹೊಳೆಗಿಳಿಸಿದ್ರಿ. ಉಳಿದ ಸೊಟ್ಟಂಬಟ್ಟರೇ ಸಂಸಾರ ಮಾಡಿದ್ರು. ಮಕ್ಕಳು ಇನ್ನು ಹೇಗಿರ್ತಾರೆ?"

ಬಡಗಿಗೆ ನಗು ಬಂತು. ನಗುತ್ತಲೇ ಮತ್ತೆ ತಾಯಿಮರದ ಕಡೆ ತಿರುಗಿದ. ಮರ ಆರಿಸುವುದರಲ್ಲಿ ತಮ್ಮ ಮನೆತನದ ಕಣ್ಣು ತಪ್ಪುವುದಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ತಪ್ಪದ ಆ ಕಣ್ಣೇ ನೆಟ್ಟಗಿನ ಮರದ ಬೀಜವನ್ನು ಕಾಡಿನಿಂದ ಅಳಿಸಿತ್ತು. ಇದನ್ನೂ ಕಡಿದರೆ ಮುಂದೆ ನೆಟ್ಟಗಿನ ಮರ ಹುಟ್ಟಿಸುವವರು ಯಾರು?

ಅವನು ಕೊಡಲಿ ಕೆಳಗಿಟ್ಟ. "ಹಾಗಾದ್ರೆ ಮಕ್ಕಳು ಹೊಳೆ ದಾಟೋದು ಹೇಗೆ?"

"ದೋಣಿ ವಿದ್ಯೆ ನಿಂದು ಕಣೋ, ನೀನೇ ಹೇಳು."

ಝರಿ ತನ್ನ ಪಾಡಿಗೆ ಹರಿಯುತ್ತಿತ್ತು. ಬಡಗಿ ಬಹಳ ಹೊತ್ತು ಎದುರಿನ ಗೂನುಮರವನ್ನೇ ನೋಡಿದ. ತಲೆ ವಾಲಿಸಿ ನೋಡಿದ. ಆಮೇಲೆ ನೀರು ದಾಟಿ ಹೋಗಿ ಅದರ ಬಾಗಿನ ಮೇಲೆ ಅಂಗೈ ಎಳೆದ. ಆ ಬಾಗು ಅವನಿಗೆ ಚೆನ್ನಾಗಿ ಗೊತ್ತಿತ್ತು. ದೋಣಿಯ ಪಕ್ಕೆ ಹೊಟ್ಟೆಯ ಕಡೆ ತಿರುಗುವ ಬಾಗು ಅದೇ.

"ಅಕ್ಕಾ! ಇದು ಸೊಟ್ಟ ಅಲ್ಲ ಕಣೇ, ಇದು ಪಕ್ಕೆಲುಬು! ನೆಟ್ಟಗಿನ ಮರದಲ್ಲಿ ಈ ಬಾಗು ಕೆತ್ತೋಕೆ ನಾನು ಬೆವರು ಸುರಿಸ್ತಿದ್ದೆ. ದೇವರು ಇಲ್ಲಿ ಬಗ್ಗಿಸೇ ಇಟ್ಟಿದಾನೆ. ಇದನ್ನ ನಿಲ್ಲಿಸಿ ಮೇಲೆ ಹಲಗೆ ಹೊದಿಸಿದ್ರೆ ದೋಣಿ ಆಯ್ತು."

"ಅಪ್ಪ ಇದ್ದಿದ್ರೆ ಪೆಟ್ಟಿಗೆ ಅಂತಿದ್ದ."

"ಅನ್ನಲಿ ಬಿಡು. ಪೆಟ್ಟಿಗೆ ತೇಲಿದ್ರೆ ಸಾಕು."

ಸಂಘ ಗೂನುಮರ ಎರಡನ್ನು ಒಪ್ಪಿ ಕೊಟ್ಟಿತು, ಹಲಗೆಗೆ ಗಾಳಿಗೆ ಬಿದ್ದಿದ್ದ ಒಂದು ಹೆಮ್ಮರವನ್ನೂ ಕೊಟ್ಟಿತು. ಬಡಗಿ ಪಕ್ಕೆಲುಬು ನಿಲ್ಲಿಸಿದ, ಹಲಗೆ ಹೊದಿಸಿದ, ಸಂದಿಗೆ ನಾರು ಮತ್ತು ಮರದ ಅಂಟು ತುಂಬಿದ. ದೊಡ್ಡ ಮಳೆಗೆ ಮುಂಚೆಯೇ ದೋಣಿ ನೀರಿಗಿಳಿಯಿತು. ಮಕ್ಕಳನ್ನು ಆಚೆ ದಡಕ್ಕೆ ಬಿಟ್ಟು ಬಂದ ಭಾವ ಕೂಗಿ ಹೇಳಿದ. "ಏನಯ್ಯಾ ಇದು, ಒಳಗೆ ಒಂದು ಹನಿ ನೀರಿಲ್ಲ! ಮೊಗೆಯೋ ಕೆಲಸ ಇಲ್ದೆ ಬೇಜಾರು ಬಂತು." ಬಡಗಿಯ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಓದುವವರೇ, ಕೂತು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಂದೇ ಉಪಾಯದಿಂದ ಕಾಡು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾವಲು ಬೇಕು, ಆದರೆ ಕಾಡಿನ ಪಕ್ಕದಲ್ಲಿ ಬದುಕುವವರನ್ನು ಹೊರಗಿಟ್ಟ ಕಾವಲು ಬಹಳ ದಿನ ನಿಲ್ಲುವುದು ಕಷ್ಟ. ಸಸಿ ನೆಡಿ, ಆದರೆ ಹಲವು ಜಾತಿ ನೆಡಿ. ನಿಂತಿರುವ ಹಳೆಯ ಕಾಡು ಉಳಿಸುವುದು ಹೊಸದು ಬೆಳೆಸುವುದಕ್ಕಿಂತ ಸುಲಭ. ನಿಮ್ಮೂರಲ್ಲಿ ಕಾಡು ಕಾಯುವ ಸಂಘವಿದ್ದರೆ ಸೇರಿ, ಇಲ್ಲದಿದ್ದರೆ ನಾಲ್ಕು ಮನೆಯವರು ಕೂತು ಮಾತಾಡಿ. ದೂರದ ಪೇಟೆಯಲ್ಲಿದ್ದೀರಾ? ಬಾಗಿಲು, ಮಂಚ ಕೊಳ್ಳುವಾಗ ಈ ಮರ ಎಲ್ಲಿಂದ ಬಂತು ಎಂದು ಒಂದು ಮಾತು ಕೇಳಿ. ಲಾರಿ ನಿಲ್ಲಿಸುವ ಶಕ್ತಿ ಆ ಪ್ರಶ್ನೆಗೂ ಇದೆ. ಕಾಡು ಕೊಟ್ಟವನು ದೊಡ್ಡವನು, ಅದನ್ನು ಕಾಯುವ ಕೆಲಸದಲ್ಲಿ ನಮಗೂ ಒಂದು ಪಾಲು ಇಟ್ಟಿದ್ದಾನೆ.

ಆ ಮಳೆಗಾಲದ ಕೊನೆಯಲ್ಲಿ ಒಂದು ಸಂಜೆ ಅಕ್ಕ ತನ್ನ ಮನೆಯ ಅಂಗಳಕ್ಕೆ ಬಂದಾಗ ತಮ್ಮ ಜಗಲಿಯ ಹತ್ತಿರ ಬಗ್ಗಿ ಏನನ್ನೋ ಇಡುತ್ತಿದ್ದ. ಅವಳದೇ ಹಳೆಯ ಬುಟ್ಟಿ. ಹರಿದಿದ್ದ ಅಂಚನ್ನು ಹೊಸ ನಾರಿನಿಂದ ಹೆಣೆದಿದ್ದ. ಒಳಗೆ ಹಸಿ ಮಣ್ಣು, ಮಣ್ಣಿನ ತುಂಬ ತಾಯಿಮರದ ಬೀಜದಿಂದ ಎದ್ದ ಸಸಿಗಳು. ಅವನು ಬುಟ್ಟಿಯನ್ನು ನೆರಳಿಗೆ ಸ್ವಲ್ಪ ಸರಿಸಿ, ಕೈಯ ಮಣ್ಣು ಒರೆಸಿಕೊಂಡು ಮನೆಗೆ ಹೋದ.