ಬಾಯಿಮೂಲೆಯ ಹಲ್ಲುಗಳು

ದೊಡ್ಡ ದವಡೆಯ ಕೆಲಸ ತಂಗಿಗೆ ಸಿಕ್ಕಿತು. ಮ್ಯೂಸಿಯಂ ಹಿಂದಿನ ವರ್ಕ್‌ಶಾಪಿಗೆ ಬಂದು ಕ್ಯುರೇಟರ್ ಅದನ್ನು ಹೇಳಿದಾಗ ಅಕ್ಕ ಪ್ಲಾಸ್ಟರ್ ಕಲಸುತ್ತಿದ್ದಳು. ಅದು ಬಕೆಟ್ಟಿನಲ್ಲೇ ಗಟ್ಟಿಯಾಯಿತು.

ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ದೈತ್ಯ ಶಾರ್ಕಿನ ಬಾಯಿ ಅದು. ಹೊಸ ಪ್ರದರ್ಶನ ಕೊಠಡಿಯ ಬಾಗಿಲಲ್ಲೇ ತೂಗುಹಾಕುವಂಥದು. ಅಕ್ಕನಿಗೆ ಬಂದದ್ದು ಈಗಲೂ ಕಡಲಲ್ಲಿರುವ ಬಿಳಿ ಶಾರ್ಕಿನ ದವಡೆ, ಹೋಲಿಕೆಗೆಂದು ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿಡಲು. ತಂಗಿಗೆ ಕೆಲಸ ಕಲಿಸಿದವಳೇ ಅಕ್ಕ. ಇದು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬಳು ವರ್ಕ್‌ಶಾಪಿನ ಮುಖ್ಯಸ್ಥೆಯಾಗುವುದಿತ್ತು. ಮನೆಯಲ್ಲಿ ಅಮ್ಮ ಆಗಲೇ ಅಕ್ಕಪಕ್ಕದವರಿಗೆಲ್ಲ ಚಿಕ್ಕವಳ ಶಾರ್ಕಿನ ಸುದ್ದಿ ಹಂಚಿದ್ದಳು. ದೊಡ್ಡವಳೂ ಒಂದು ಶಾರ್ಕ್ ಮಾಡುತ್ತಿದ್ದಾಳೆಂಬುದು ಅವಳಿಗೆ ನೆನಪೇ ಇರಲಿಲ್ಲ.

ಶಾರ್ಕಿನ ದವಡೆ ಮೂಳೆಯದಲ್ಲ, ಕಿವಿಯ ಹಾಲೆಯಂಥ ಮೆದು ವಸ್ತು, ಕೊಳೆತುಹೋಗುತ್ತದೆ. ಹಲ್ಲು ಮಾತ್ರ ಕಲ್ಲಾಗಿ ಉಳಿಯುತ್ತದೆ. ಹಲ್ಲಿನ ಅಳತೆ ಹಿಡಿದೇ ದವಡೆ ಕಟ್ಟಬೇಕು. ಮುಂದಿನ ಹಲ್ಲುಗಳು ಅಗಲ, ನೆಟ್ಟಗೆ. ಬಾಯಿಮೂಲೆಯ ಕಡೆ ಹೋದಂತೆ ಚಿಕ್ಕದಾಗಿ ಹಿಂದಕ್ಕೆ ವಾಲುತ್ತವೆ. ತಂಗಿ ಪಕ್ಕಕ್ಕೂ ಮುಂದಿನ ಹಲ್ಲುಗಳನ್ನೇ ಕೂರಿಸುತ್ತಿದ್ದಳು. ದವಡೆ ಹಿಗ್ಗುತ್ತಲೇ ಹೋಯಿತು.

ಎದುರು ಮೇಜಿನಲ್ಲಿದ್ದ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಹೇಗಿದೆ ಎಂದು ತಂಗಿ ಕೇಳಿದ್ದಕ್ಕೆ ಚೆನ್ನಾಗಿದೆ ಎಂದಳು. ಚೌಕಟ್ಟು ಹೊಡೆಯುತ್ತಿದ್ದ ಬಡಗಿ ಅಕ್ಕನ ಮುಖ ನೋಡಿ, "ಈ ರೂಮಲ್ಲಿ ಶಾರ್ಕೇ ಸಾಧು ಬಿಡಿ," ಎಂದ.

ಕ್ಯುರೇಟರ್ ಓದಿದ್ದು ಹಳೆಯ ನಾಣ್ಯಗಳ ಬಗ್ಗೆ. ಮುಗಿದ ದವಡೆಯೊಳಗೆ ನಿಂತು ಕೈ ಮೇಲೆತ್ತಿದರೂ ತಾಗದ್ದಕ್ಕೆ ಹಿರಿಹಿರಿ ಹಿಗ್ಗಿದರು. ಆಗ ಅಕ್ಕ ತನ್ನ ಬಿಳಿ ಶಾರ್ಕಿನ ದವಡೆ ಎತ್ತಿ ತಂದು ಪಕ್ಕದಲ್ಲಿಟ್ಟಳು. ಹಲ್ಲಿನ ಸಾಲನ್ನು ಬೆರಳಲ್ಲಿ ತೋರಿಸಿದಳು. ವಿವರಿಸಬೇಕಾಗಿಯೇ ಬರಲಿಲ್ಲ.

"ನಂಗೆ ಇವಳು ಪಕ್ಕದ ಮೊದಲನೇ ಹಲ್ಲು ಕೂರಿಸಿದಾಗ್ಲೇ ಗೊತ್ತಾಯ್ತು ಸರ್," ಎಂದಳು, ಜಾಣತನ ತೋರುವ ಉಮೇದಿನಲ್ಲಿ.

ತಂಗಿ ತಲೆ ಎತ್ತಿ ಅವಳನ್ನು ನೋಡಿದಳು.

ದೊಡ್ಡ ದವಡೆ ಅಕ್ಕನ ಮೇಜಿಗೆ ಬಂತು, ಹುದ್ದೆಯೂ ಬಂತು. ಇನ್ನೂ ಕೆಲವು ಹಲ್ಲು ಬಾಕಿಯಿದ್ದ ಬಿಳಿ ಶಾರ್ಕ್ ತಂಗಿಯ ಪಾಲಾಯಿತು. ಅಕ್ಕ ತಪ್ಪು ಹಲ್ಲುಗಳನ್ನು ಕೀಳಲು ಕೂತಳು. ಒಂದೂ ಅಲುಗಲಿಲ್ಲ. ಬುಡದಲ್ಲಿ ಬೆಸುಗೆಯ ಗೆರೆಯೇ ಇಲ್ಲ, ಒಸಡಿನಿಂದಲೇ ಮೊಳೆತಂತಿದ್ದವು. ಉಳಿ ಇಟ್ಟು ಹೊಡೆದರೆ ಹಲ್ಲು ಉಳಿದು ದವಡೆ ಸೀಳಿತು. ತನ್ನ ಕೈಯಿಂದ ಇಂಥ ಕೆಲಸ ಯಾವತ್ತೂ ಬಂದಿರಲಿಲ್ಲ. ತಾನು ಇದನ್ನು ಕಲಿಸಿರಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಸೋತು, ಅಂಟಿಗೆ ಏನು ಬೆರೆಸಿದ್ದೆ, ಹೇಗೆ ಬಿಡಿಸೋದು ಎಂದು ತಂಗಿಯನ್ನೇ ಕೇಳಿದಳು.

ತಂಗಿ ಕೈಯಲ್ಲಿದ್ದ ಹಲ್ಲನ್ನು ಹಿಂದಕ್ಕೆ ವಾಲಿಸಿ, ಸರಿಯಾಗಿ ಕೂರಿಸಿ, ಬೆರಳು ಒರೆಸಿಕೊಂಡಳು.

"ನಂಗೆ ಗೊತ್ತಕ್ಕ," ಎಂದಳು. "ಆದ್ರೆ ಹೇಳಲ್ಲ."