ಅಲೋಯಿಸನ ಚಕ್ರ

ಒಂಬತ್ತು ವರ್ಷ ನಾನು ಸೈಕಲ್ ಪಂದ್ಯಗಳಲ್ಲಿ ಅಲೋಯಿಸ್ ಸ್ಟಾಕ್‌ಮನ್‌ನ ಆಳಾಗಿ ತುಳಿದೆ. ಅವನಿಗೆ ನೀರು ತರುವುದು, ಅವನ ಮುಂದೆ ಸಾಗಿ ಎದುರುಗಾಳಿಗೆ ಎದೆಯೊಡ್ಡುವುದು, ಅವನ ಟೈರು ಒಡೆದರೆ ನನ್ನ ಚಕ್ರ ಬಿಚ್ಚಿ ಕೊಡುವುದು. ಇದಕ್ಕೇ ನನಗೆ ಸಂಬಳ. ಪತ್ರಿಕೆಯಲ್ಲಿ ಅವನ ಚಿತ್ರ ಬರುತ್ತಿತ್ತು. ನನ್ನ ಹೆಸರನ್ನು ಬಡ್ಡಿಮಕ್ಕಳು ಒಮ್ಮೆಯೂ ಸರಿಯಾಗಿ ಅಚ್ಚುಹಾಕಲಿಲ್ಲ.

೧೯೩೩ರಲ್ಲಿ ಅವನು ಬೇರೆ ತಂಡ ಸೇರಿದ. ನನ್ನನ್ನು ಕರೆಯಲಿಲ್ಲ. ಏಪ್ರಿಲ್ ಪಂದ್ಯದ ಬೆಳಿಗ್ಗೆ ನಮ್ಮ ತಂಡದ ಯಜಮಾನ ವರ್‌ಲಿಂಡೆ ನನ್ನ ಹ್ಯಾಂಡಲ್ ಹಿಡಿದು ನಿಲ್ಲಿಸಿದ.

"ಕಮೀಲ್, ನಿಂಗೆ ಮೂವತ್ತಾರಾಯ್ತು. ಇವತ್ತು ಯಾರ ಚಾಕರಿನೂ ಬೇಡ, ನಿನಗೋಸ್ಕರ ತುಳಿ. ಮೊದಲ ಹತ್ತರಲ್ಲಿ ಬಂದ್ರೆ ಇನ್ನೊಂದು ವರ್ಷ ಇಟ್ಕೋತೀನಿ. ಇಲ್ಲಾಂದ್ರೆ ನಿಮ್ಮಣ್ಣನ ಜೊತೆ ಅಗಸೆ ಕೊಳೆಹಾಕೋಕೆ ಹೋಗು."

ನಮ್ಮಣ್ಣ ಲೈ ನದಿಯ ಸೊಂಟಮಟ್ಟದ ನೀರಲ್ಲಿ ನಿಂತು, ಕೊಳೆತು ನಾರು ಬಿಡಲೆಂದು ಅಗಸೆ ಗಿಡದ ಕಟ್ಟುಗಳನ್ನು ನೆನೆಹಾಕುತ್ತಾನೆ. ಆ ನಾತ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಅವನ ಹೆಂಡತಿಯೂ ಅವನ ಪಕ್ಕ ಮಲಗುವುದಿಲ್ಲ.

ಅವತ್ತು ನನ್ನ ಕಾಲು ಚೆನ್ನಾಗಿ ಓಡಿತು. ಕ್ವಾರೆಮಾಂಟ್ ಗುಡ್ಡದ ಏರಿನ ಕಲ್ಲುಹಾಸಿನ ಮೇಲೆ ಮುಂದೆ ಉಳಿದವರು ನಾನೂ ಸೇರಿ ಏಳೇ ಜನ. ಅಲೋಯಿಸನೂ ಇದ್ದ. ಅವನ ಮುಂದಿನ ಟೈರು ಠಪ್ಪೆಂದಿತು.

"ಕಮೀಲಾ! ಚಕ್ರ ತಾರೋ!"

ಯೋಚಿಸಿದ್ದರೆ ಉಗಿದು ಮುಂದೆ ಹೋಗುತ್ತಿದ್ದೆ. ಯೋಚಿಸಲಿಲ್ಲ. ಕಾಲು ನೆಲಕ್ಕಿಳಿದಿತ್ತು, ಬೆರಳು ತಿರುಪು ಬಿಚ್ಚಿತ್ತು. ನನ್ನ ಚಕ್ರ ಸಿಕ್ಕಿಸಿಕೊಂಡು ಅವನು ಹೊರಟ ಮೇಲೆಯೇ ಅವನ ಬೆನ್ನಿನ ಹಸಿರು ಅಂಗಿ ನನ್ನ ಕಣ್ಣಿಗೆ ಹೊಡೆದದ್ದು. ನನ್ನದು ನೀಲಿ.

ಬೇರೆ ತಂಡದವನಿಗೆ ಚಕ್ರ ಕೊಟ್ಟರೆ ಇಬ್ಬರೂ ಪಂದ್ಯದಿಂದ ಹೊರಗೆ. ಹಿಂದೆಯೇ ಬರುತ್ತಿದ್ದ ತೀರ್ಪುಗಾರ ಕಾರಿನಿಂದಿಳಿದು ನನ್ನ ಬೆನ್ನಿನ ನಂಬರು ಕಿತ್ತುಕೊಂಡ. ಅವನ ಹಿಂದೆಯೇ ಬಂದ ವರ್‌ಲಿಂಡೆ ತನ್ನ ಕಾರಿನ ಕಿಟಕಿಯಿಂದ ಕೂಗಿದ.

"ಯಜಮಾನ ಬದಲಾದ್ರೆ ನಾಯಿಗೂ ಗೊತ್ತಾಗತ್ತೆ ಕಣೋ! ನಾಳೆ ತಂಡದ ಅಂಗಿ ಒಗೆದು ತಂದ್ಕೊಡು."

"ಮುಚ್ಚೋ ಬಾಯಿ!" ಎಂದು ಕೂಗಿದೆ. ಕಾರು ಆಗಲೇ ತಿರುವು ದಾಟಿತ್ತು.

ನನ್ನ ಸೈಕಲ್ಲನ್ನೂ ಅವನು ಬಿಟ್ಟುಹೋದ ಚಕ್ರವನ್ನೂ ಹೊತ್ತು ಏರಿನ ತುದಿಯ ಹೆಂಡದಂಗಡಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಲೋಯಿಸ್ ವಾಪಸು ಬಂದ. ಅವನನ್ನೂ ಮುಂದಿನ ಊರಲ್ಲಿ ನಿಲ್ಲಿಸಿದ್ದರು.

"ಹೋಗ್ಲಿ ಬಿಡೋ, ಭಾನುವಾರ ಇನ್ನೊಂದು ಪಂದ್ಯ ಇದೆಯಲ್ಲ," ಎಂದು ಬಿಯರ್ ತರಿಸಿದ. ಒಂದೇ ಲೋಟ, ಅವನಿಗೆ. "ನನ್ನ ಚಕ್ರ ಎಲ್ಲಿ?"

ಅವನ ಮುಖಕ್ಕೆ ಗುದ್ದಲೆಂದು ಎದ್ದೆ. ಕೈಯಲ್ಲಿ ಸೂಜಿ ಇತ್ತು. ಅವನ ಟೈರಿನ ಹೊಲಿಗೆ ಬಿಚ್ಚಿ, ಒಳಗಿನ ಟ್ಯೂಬಿನ ತೂತಿಗೆ ತೇಪೆ ಹಚ್ಚಿ, ಮತ್ತೆ ಹೊಲಿದೂ ಮುಗಿಸಿದ್ದೆ. ದಾರ ತುಂಡರಿಸುವುದೊಂದು ಬಾಕಿ. ಹಲ್ಲಿನಿಂದ ಕಡಿದು, ಚಕ್ರವನ್ನು ಅವನ ಕೈಗೆ ಕೊಟ್ಟೆ.