ತೆಗೆದುಹಾಕಿದ ನಾಲ್ಕು ಪ್ಯಾರಾ

ಹೆಗ್ವಿಕ್ ಬಂದರಿನ ‘ಪೋಸ್ಟೆನ್’ ಪತ್ರಿಕೆಗೆ ಎಪ್ಪತ್ತೈದು ತುಂಬುವ ವರ್ಷ, ಅದರ ಚರಿತ್ರೆ ಬರೆಯುವ ಕೆಲಸ ಬೋರ್ಗಿಲ್ಡ್ ಪಾಲಿಗೆ ಬಂತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸಲು ಸೇರಿದವಳು, ನಲವತ್ತು ವರ್ಷದಿಂದ ಅದೇ ಕಿಟಕಿಯ ಪಕ್ಕ ನಿಂತು ಆ ಊರಿನ ಹುಟ್ಟು, ಸಾವು, ಮದುವೆಗಳನ್ನೆಲ್ಲ ಬೆರಳಿನಿಂದ ಮುಟ್ಟಿ ತಿಳಿದಿದ್ದಳು. ಸಂಪಾದಕ ಹಾಲ್ವಾರ್‌ಗೆ ಅವಳಿಗಿಂತ ಬೇರೆ ಯಾರೂ ತೋಚಲಿಲ್ಲ.

ಅವಳು ಖುಷಿಯಿಂದಲೇ ಶುರುಮಾಡಿದಳು. ಹಾಲ್ವಾರ್‌ನ ಅಜ್ಜ ಅಚ್ಚಿನ ಯಂತ್ರವನ್ನು ಹಡಗಿನಲ್ಲಿ ತರಿಸಿದಾಗ ಅದರ ಒಂದು ಚಕ್ರ ಸಮುದ್ರಕ್ಕೆ ಬಿದ್ದದ್ದು, ಹೆರಿಂಗ್ ಮೀನು ಉಕ್ಕಿ ಬಂದ ವರ್ಷ ಓದಲು ಯಾರಿಗೂ ಪುರುಸೊತ್ತಿಲ್ಲದೆ ಪತ್ರಿಕೆಯೆಲ್ಲ ಮೀನು ಸುತ್ತಲು ಹೋದದ್ದು, ಬದುಕಿದ್ದ ಪಾದ್ರಿಯ ಮರಣವಾರ್ತೆ ಅಚ್ಚಾಗಿ ಆತ ಊರುಗೋಲು ಹಿಡಿದು ಕಚೇರಿಗೆ ಬಂದದ್ದು, ಎಲ್ಲವನ್ನೂ ಬರೆದಳು. ಹಳೆಯ ಸಂಪುಟಗಳ ಕಪಾಟಿನಲ್ಲಿ ಸಾವಿರದ ಒಂಬೈನೂರ ನಲವತ್ತೊಂದರ ಪಕ್ಕ ನಲವತ್ತಮೂರರದು ನಿಂತಿತ್ತು. ನಡುವಿನದು ಇರಲಿಲ್ಲ.

“ಮಳೆ ನೀರು ಸೋರಿ ಹಾಳಾಯ್ತಂತೆ,” ಅಂದ ಹಾಲ್ವಾರ್.

ಅವಳಿಗೆ ಆ ಸಂಪುಟ ಬೇಕಿರಲೂ ಇಲ್ಲ, ಆ ವರ್ಷದ್ದು ನೆನಪಿನಲ್ಲೇ ಇತ್ತು. ಜರ್ಮನ್ನರು ದೇಶವನ್ನು ಹಿಡಿದಿದ್ದ ಕಾಲ. ಹೊಸ ಆಡಳಿತದ ಶಿಕ್ಷಕರ ಸಂಘಕ್ಕೆ ಸೇರುವುದಿಲ್ಲ ಎಂದು ಶಾಲೆಯ ಮೇಷ್ಟ್ರು ಸಿಗ್ವಾರ್ಟ್ ಮಕ್ಕಳೆದುರೇ ಓದಿ ಹೇಳಿದ್ದ. ಆ ವಾರ ಪೋಸ್ಟೆನ್‌ನ ಮೊದಲ ಪುಟದಲ್ಲಿ ಹಾಲ್ವಾರ್‌ನ ಅಪ್ಪ ಆಂಡರ್ಸ್ ಆತನನ್ನು ಮಕ್ಕಳಿಗೆ ವಿಷವಿಕ್ಕುವವನು ಎಂದು ಕರೆದು, ಹೆಸರು, ಮನೆ, ಬೀದಿ ಸಹಿತ ಬರೆದ. ಮೂರನೆಯ ದಿನ ಸಿಗ್ವಾರ್ಟ್‌ನನ್ನು ಹಿಡಿದೊಯ್ದರು. ಎಂಟು ತಿಂಗಳ ಮೇಲೆ ಕೆಟ್ಟ ಶ್ವಾಸಕೋಶ ಹೊತ್ತು ಬಂದ. ಯುದ್ಧ ಮುಗಿಯುವುದನ್ನು ನೋಡಲಿಲ್ಲ.

ಬೋರ್ಗಿಲ್ಡ್ ಇದನ್ನು ನಾಲ್ಕು ಪ್ಯಾರಾದಲ್ಲಿ ಬರೆದಳು. ಕೊನೆಗೆ ಸೇರಿಸಿದಳು: ‘ಬರೆದವರು ಸಂಪಾದಕರು. ಮೊಳೆ ಜೋಡಿಸಿದವಳು ನಾನು. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.’

ಹಾಲ್ವಾರ್ ಕರಡು ಹಿಡಿದು ಅಚ್ಚುಮನೆಗೆ ಬಂದ.

“ಏನಿದು? ಹಬ್ಬದ ಸಂಚಿಕೆ ಮಾಡ್ತಿದ್ದೀವೋ, ಅಪ್ಪನ್ನ ಕಟಕಟೆ ಹತ್ತಿಸ್ತಿದ್ದೀವೋ?”

“ಚರಿತ್ರೆ ಬರೀರಿ ಅಂದವನು ನೀನೇ. ಬರ್ದೆ.”

“ಅವರು ಸತ್ತು ಹದಿನೆಂಟು ವರ್ಷ ಆಯ್ತು. ಈಗ ಎದ್ದು ಬಂದು ಉತ್ತರ ಕೊಡ್ತಾರಾ?”

“ಯುದ್ಧ ಮುಗಿದ ಮೇಲೆ ಹನ್ನೆರಡು ವರ್ಷ ಬದುಕಿದ್ರಲ್ಲ. ಪತ್ರಿಕೆನೂ ಅವರದ್ದೇ ಆಗಿತ್ತು. ಯಾರು ಬೇಡ ಅಂದಿದ್ರು?”

“ಬರೀದೇ ಇದ್ದಿದ್ರೆ ಪತ್ರಿಕೆ ಮುಚ್ಚಿಸ್ತಿದ್ರು. ನಿಮ್ಮ ಕೆಲ್ಸನೂ ಹೋಗ್ತಿತ್ತು.”

“ಹೌದಪ್ಪ. ಆ ಹೆದರಿಕೆಗೇ ಜೋಡಿಸ್ದೆ. ಮೂವತ್ತಮೂರು ವರ್ಷ ಬಾಯಿ ಮುಚ್ಕೊಂಡು ಇದ್ದದ್ದೂ ಅದಕ್ಕೇ. ಇನ್ನು ಆಗಲ್ಲ.”

ಅವನು ನಾಲ್ಕು ಪ್ಯಾರಾಗಳ ಮೇಲೂ ಕೆಂಪು ಪೆನ್ಸಿಲ್ ಎಳೆದ. ಆ ಜಾಗದಲ್ಲಿ ಹ್ಯಾಟು ಧರಿಸಿ ನಗುತ್ತಿರುವ ಆಂಡರ್ಸ್‌ನ ದೊಡ್ಡ ಫೋಟೊ ಬಂತು.

ಸಮಾರಂಭದ ಹಿಂದಿನ ದಿನ ಬೋರ್ಗಿಲ್ಡ್ ಬೆಟ್ಟದ ದಾರಿ ಹತ್ತಿ ಸಿಗ್ವಾರ್ಟ್‌ನ ಹೆಂಡತಿ ಗುಡ್ರುನ್ ಮನೆಯ ಬಾಗಿಲು ತಟ್ಟಿದಳು. ನಲವತ್ತೆರಡರಿಂದ ಆ ಮನೆಯೊಳಕ್ಕೆ ಪೋಸ್ಟೆನ್ ಹೋಗಿರಲಿಲ್ಲ. ಬೋರ್ಗಿಲ್ಡ್ ತಾನು ಬರೆದದ್ದನ್ನು ಹೊಡೆದುಹಾಕಿದ ವಿಷಯ ಹೇಳಿದಳು, ತನ್ನ ಪಾಲನ್ನೂ ಹೇಳಿ, ನಾಳೆ ಸಭೆಗೆ ಬನ್ನಿ ಎಂದಳು. ಮುದುಕಿ ಕೇಳಿಸಿಕೊಂಡು, “ಬರ್ತೀನಿ ಅಂತ ಹೇಳಲ್ಲ,” ಎಂದು ಬಾಗಿಲು ಹಾಕಿಕೊಂಡಳು.

ಭಾನುವಾರ ಮಧ್ಯಾಹ್ನ ಊರಿನ ಸಭಾಭವನ ತುಂಬಿತ್ತು. ವಾದ್ಯದವರು ಬಾರಿಸಿದರು, ಕೆನೆ ಮೆತ್ತಿದ ಕೇಕು, ಕಾಫಿ ಓಡಾಡಿದವು. ಹಾಲ್ವಾರ್ ಬೋರ್ಗಿಲ್ಡ್‌ಳನ್ನು ವೇದಿಕೆಗೆ ಕರೆದು, ನಲವತ್ತು ವರ್ಷದ ಸೇವೆಗೆಂದು ಬೆಳ್ಳಿಯ ಪಿನ್ ಕೊಟ್ಟು, ಎರಡು ಮಾತಾಡಿ ಎಂದ. ಅವಳು ಪಿನ್ನನ್ನು ಮೇಜಿನ ಮೇಲಿಟ್ಟು, ಕೈಚೀಲದಿಂದ ಆ ನಾಲ್ಕು ಪ್ಯಾರಾಗಳ ತನ್ನ ಪ್ರತಿ ತೆಗೆದು ಓದತೊಡಗಿದಳು.

ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಬಟ್ಟಲುಗಳ ಸದ್ದು ನಿಂತಿತು. “ಸಾಕು ಬೋರ್ಗಿಲ್ಡ್,” ಎಂದು ಹಾಲ್ವಾರ್ ಪಿಸುಗುಟ್ಟಿದ. ಮುಂದಿನ ಸಾಲಿನಿಂದ ಹಗ್ಗದಂಗಡಿಯವನು ಎದ್ದು, “ಸತ್ತೋರ ಹೆಸರಿಗೆ ಕೆಸರು ಎರಚೋಕೆ ನಾವು ಬಂದಿದ್ದಾ? ಅವಳನ್ನ ಕೂರಿಸ್ರೋ!” ಎಂದು ಕೂಗಿದ. ಅವಳ ಸ್ವರ ಇಳಿಯಿತು.

“ಜೋರಾಗಿ ಓದು!” ಬಾಗಿಲ ಬಳಿಯಿಂದ ಯಾರೋ ಅಂದರು. ಎಲ್ಲರೂ ತಿರುಗಿದರು. ಕೋಟನ್ನೂ ತೆಗೆಯದೆ ಗುಡ್ರುನ್ ನಿಂತಿದ್ದಳು. “ನಿನ್ನನ್ನ ನಾನು ಕ್ಷಮಿಸಿಲ್ಲ. ಆದ್ರೂ ಓದು. ಅವನ ಹೆಸರು ಬಂದಾಗ ನೆಟ್ಟಗೆ ಹೇಳು.”

ಬೋರ್ಗಿಲ್ಡ್ ಕೊನೆಯ ಸಾಲಿನವರೆಗೂ ಓದಿದಳು. ಚಪ್ಪಾಳೆ ಬೀಳಲಿಲ್ಲ. ಕೆಲವರು ಎದ್ದು ಹೋದರು. ಅವಳು ಪಿನ್ನನ್ನು ಅಲ್ಲೇ ಬಿಟ್ಟು ಇಳಿದಳು.

ಸೋಮವಾರ ಎಂದಿನಂತೆ ಏಳಕ್ಕೆ ಕೆಲಸಕ್ಕೆ ಬಂದಳು. ಕೆಲಸಕ್ಕೆ ಬೇಡ ಅನ್ನುವುದಾದರೆ ಸಂಪಾದಕನೇ ಬಾಯಿಬಿಟ್ಟು ಅನ್ನಲಿ ಎಂಬ ಹಟ. ಹತ್ತರ ಹೊತ್ತಿಗೆ ಹಾಲ್ವಾರ್ ಬಂದ. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. ಕೆಂಪು ಗೆರೆಯೆಳೆದ ಹಾಳೆಯನ್ನು ಮೊಳೆಪೆಟ್ಟಿಗೆಯ ಮೇಲಿಟ್ಟ.

“ಆರನೇ ಪುಟಕ್ಕೆ ಹಾಕಿ.”

“ಒಂದನೇ ಪುಟಕ್ಕೆ. ಸಿಗ್ವಾರ್ಟ್ ಹೆಸರು ಅವತ್ತು ಬಂದಿದ್ದು ಒಂದನೇ ಪುಟದಲ್ಲಿ.”

“ನೀವಂತೂ ಬಿಡೋರಲ್ಲ,” ಎಂದು ಹಾಲ್ವಾರ್ ಹೊರಟುಹೋದ. ಅವಳು ಒಂದನೇ ಪುಟದ ಅಳತೆಗೇ ಜೋಡಿಸಿದಳು. ಅವನು ತಡೆಯಲಿಲ್ಲ.

ಆ ಸಂಚಿಕೆ ಬಂದ ಮೇಲೆ ಹಲವರು ಪತ್ರಿಕೆ ಬಿಟ್ಟರು. ಗುಡ್ರುನ್ ಒಂದೇ ಒಂದು ಪ್ರತಿ ಕೊಂಡಳು, ಮತ್ತೆಂದೂ ಕೊಳ್ಳಲಿಲ್ಲ. ಹಗ್ಗದಂಗಡಿಯವನೂ ಅವನ ಗೆಳೆಯರೂ ಬೋರ್ಗಿಲ್ಡ್ ಎದುರಾದರೆ ಬೀದಿ ದಾಟಿ ಆಚೆ ಬದಿಗೆ ಹೋಗತೊಡಗಿದರು. ಅವಳೂ ಬೀದಿ ದಾಟಿ, ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸಿಯೇ ಮುಂದೆ ನಡೆಯುತ್ತಿದ್ದಳು.